ಕೇಸು ಹಾಕುವ ಗಡುವು ಯಾವ ದಿನದಿಂದ ಶುರು?

ಒಂದು ಸಾಲವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 2022ರ ಮಾರ್ಚ್ 10ರಂದು ಒಬ್ಬರು ತಮ್ಮ ಸ್ನೇಹಿತರಿಗೆ ಒಂದಷ್ಟು ಹಣ ಕೊಟ್ಟರು. ಹಾಳೆಯ ಮೇಲೆ ಎರಡು ಸಾಲು ಬರೆದು ಸಹಿ ಮಾಡಿಸಿಕೊಂಡರು. ಯಾವಾಗ ವಾಪಸ್ ಕೊಡಬೇಕು ಅಂತ ಬರೆಯಲಿಲ್ಲ. "ಆದಾಗ ಕೊಡು, ಅವಸರ ಏನಿಲ್ಲ" ಅಂದರು. ಸ್ನೇಹ ಅಲ್ವಾ. ನಾಲ್ಕು ವರ್ಷ ಹಾಗೇ ಕಳೆಯಿತು. 2026ರ ಮಾರ್ಚ್ 10ಕ್ಕೆ ತಾಳ್ಮೆ ಮುಗಿದು, ಕಾಗದ ಬರೆದು ಹಣ ಕೇಳಿದರು. ಆ ಕಡೆಯಿಂದ ಉತ್ತರವೇ ಇಲ್ಲ. ಈಗ ಕೋರ್ಟಿಗೆ ಹೋಗಬಹುದಾ?

ಇದು ಭಾರತದಲ್ಲಿ ನಡೆದಿದ್ದರೆ ಆಗಲೇ ತಡವಾಗಿದೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಇಂಥ ಸಾಲಕ್ಕೆ 3 ವರ್ಷ. ಲೆಕ್ಕ ಶುರುವಾಗುವುದು ಸಾಲ ಕೊಟ್ಟ ದಿನದಿಂದ. ಆ ಒಂದು ದಿನವನ್ನು ಬಿಟ್ಟು ಎಣಿಸಿದರೆ 2025ರ ಮಾರ್ಚ್ 10, ಸೋಮವಾರ, ಕೊನೆಯ ದಿನ. ಮಂಗಳವಾರ ಬೆಳಿಗ್ಗೆ ದಾವೆ ಹಾಕಿದರೂ ವಜಾ.

ಅದೇ ಹಾಳೆ, ಅದೇ ಸಹಿ ಇಂಗ್ಲೆಂಡಿನಲ್ಲಿ ಇದ್ದಿದ್ದರೆ? ಅಲ್ಲಿ ಕರಾರಿನ ಬಾಕಿಗೆ 6 ವರ್ಷ. ಆದರೆ ವಾಪಸಿನ ದಿನ ಗೊತ್ತು ಮಾಡದೆ ಕೊಟ್ಟ ಸಾಲಕ್ಕೆ ಎಣಿಕೆ ಶುರುವಾಗುವುದು, ಬರವಣಿಗೆಯಲ್ಲಿ ಹಣ ಕೇಳಿದ ದಿನದಿಂದ. ಅಂದರೆ 2026ರಲ್ಲಿ ಕಾಗದ ಬರೆದ ಮೇಲೆ ಗಡಿಯಾರ ಆಗಷ್ಟೇ ಟಿಕ್ ಎಂದಿದೆ. 2032ರ ಮಾರ್ಚ್ ವರೆಗೂ ಸಮಯ ಇದೆ. ಜರ್ಮನಿಯಲ್ಲಾದರೆ ಕತೆ ಇನ್ನೊಂದು. ಇಂಥ ಸಾಲವನ್ನು ವಾಪಸ್ ಕೇಳಿ ನೋಟಿಸ್ ಕೊಟ್ಟರೆ 3 ತಿಂಗಳ ನಂತರ ಹಣ ಕೊಡಬೇಕಾಗುತ್ತದೆ. ನೋಟಿಸ್ ಮಾರ್ಚ್‌ನಲ್ಲಿ, ಬಾಕಿ ಬಿದ್ದದ್ದು ಜೂನ್‌ನಲ್ಲಿ. ಕಾಲಮಿತಿ 3 ವರ್ಷವೇ, ಆದರೆ ಎಣಿಕೆ ಆ ವರ್ಷ ಮುಗಿದ ಮೇಲೆ. ಹಾಗಾಗಿ 2029ರ ಡಿಸೆಂಬರ್ 31ರ ರಾತ್ರಿ ಅವಧಿ ಮುಗಿಯುತ್ತದೆ. ಜರ್ಮನಿಯ ವಕೀಲರಿಗೆ ಡಿಸೆಂಬರ್ ಕೊನೆಯ ವಾರ ಯಾಕೆ ಅಷ್ಟು ಗಡಿಬಿಡಿ ಅಂತ ಇದರಲ್ಲೇ ಗೊತ್ತಾಗುತ್ತದೆ.

ಭಾರತ 3 ವರ್ಷ ಅನ್ನುತ್ತದೆ. ಜರ್ಮನಿಯೂ 3 ವರ್ಷ ಅನ್ನುತ್ತದೆ. ಕೊನೆಯ ದಿನದಲ್ಲಿ ಮಾತ್ರ ಸುಮಾರು 5 ವರ್ಷದ ವ್ಯತ್ಯಾಸ. ಕಾಲಮಿತಿಯ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ವರ್ಷ ಟೈಮ್ ಇದೆ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು "ಯಾವ ದಿನದಿಂದ?"

ಗಡುವು ಯಾಕೆ ಬೇಕು?

ಬಾಕಿ ಬಾಕಿಯೇ, ತಪ್ಪು ತಪ್ಪೇ. ಹತ್ತು ವರ್ಷವಾದರೂ ಅದು ಸರಿಯಾಗುವುದಿಲ್ಲ. ಹಾಗಿದ್ದರೂ ಗಡುವು ಹಾಕಲು ಕಾರಣ ಸರಳ. ಸಾಕ್ಷಿಗಳು ಸಾಯುತ್ತಾರೆ, ಇಲ್ಲವೇ ಮರೆಯುತ್ತಾರೆ. ಕಾಗದ ಕಳೆದುಹೋಗುತ್ತದೆ. ಹಣ ಕಟ್ಟಿದ ರಸೀದಿಯನ್ನು 40 ವರ್ಷ ಯಾರು ಜೋಪಾನ ಮಾಡುತ್ತಾರೆ? ನ್ಯಾಯವಾಗಿ ಹಣ ಕಟ್ಟಿದವನೂ ಅಷ್ಟು ಕಾಲದ ನಂತರ ಅದನ್ನು ತೋರಿಸಲಾರ.

ಈ ಯೋಚನೆ ತುಂಬಾ ಹಳೆಯದು. ಕ್ರಿ.ಶ. 424ರಲ್ಲಿ ರೋಮನ್ ಚಕ್ರವರ್ತಿ ಎರಡನೇ ಥಿಯೋಡೋಸಿಯಸ್, ಗಡುವೇ ಇಲ್ಲದ ದಾವೆಗಳಿಗೆ 30 ವರ್ಷದ ಮಿತಿ ಹಾಕಿದ. ಇಂಗ್ಲೆಂಡಿನಲ್ಲಿ 1275ರ ಕಾನೂನು ಬೇರೆಯೇ ದಾರಿ ಹಿಡಿಯಿತು. ಇಷ್ಟು ವರ್ಷ ಅನ್ನುವ ಬದಲು ಒಂದು ತಾರೀಕನ್ನೇ ಗೊತ್ತು ಮಾಡಿತು: ದೊರೆ ಒಂದನೇ ರಿಚರ್ಡ್‌ನ ಆಳ್ವಿಕೆ ಶುರುವಾದ 1189. ಅದಕ್ಕಿಂತ ಹಿಂದಿನ ಕಾಲಕ್ಕೆ ಹೋಗಿ ಜಮೀನಿನ ಹಕ್ಕು ಹೇಳುವಂತಿಲ್ಲ. ಆಗ ಅದು 86 ವರ್ಷದ ಮಿತಿ. ಸರಿಯಾಗೇ ಇತ್ತು. ಆದರೆ ತಾರೀಕು ನಿಂತಲ್ಲೇ ನಿಂತಿತು, ಕಾಲ ಮುಂದೆ ಹೋಯಿತು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಗಡುವಿಗೆ ಅರ್ಥವೇ ಇಲ್ಲದಂತಾಯಿತು. ಆಮೇಲೆ 1623ರ ಕಾಯ್ದೆ ಸಾಲ ಮತ್ತು ಕರಾರಿನ ದಾವೆಗಳಿಗೆ 6 ವರ್ಷ ಎಂದಿತು. ಆ 6 ಇವತ್ತಿಗೂ ಅಲ್ಲಿ ಬದಲಾಗಿಲ್ಲ.

ಬೇರೆ ಬೇರೆ ದಾವೆಗೆ ಬೇರೆ ಬೇರೆ ಅವಧಿ ಇರುವುದಕ್ಕೂ ಸಾಕ್ಷ್ಯವೇ ಮುಖ್ಯ ಕಾರಣ. ಮಾನಹಾನಿ ಬಾಯಿಮಾತಿನ ವಿಷಯ, ಬೇಗ ಮಾಸಿಹೋಗುತ್ತದೆ. ಭಾರತದಲ್ಲೂ ಇಂಗ್ಲೆಂಡಿನಲ್ಲೂ ಅದಕ್ಕೆ 1 ವರ್ಷ ಮಾತ್ರ. ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ, ದಾಖಲೆಯೂ ಇರುತ್ತದೆ. ಅದರ ಸ್ವಾಧೀನ ಕೇಳಲು ಭಾರತದಲ್ಲಿ ಸಾಮಾನ್ಯವಾಗಿ 12 ವರ್ಷ. ಅಮೆರಿಕದಲ್ಲಿ ಇದೆಲ್ಲ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಬರೆದ ಕರಾರಿಗೆ 4 ವರ್ಷ, ಬಾಯಿಮಾತಿನ ಕರಾರಿಗೆ 2 ವರ್ಷ. ಸರ್ಕಾರಗಳು ತಮಗೆ ಮಾತ್ರ ಜಾಸ್ತಿ ಟೈಮ್ ಇಟ್ಟುಕೊಂಡಿರುವುದೂ ಉಂಟು. ಭಾರತದಲ್ಲಿ ಸರ್ಕಾರ ಹೂಡುವ ದಾವೆಗೆ 30 ವರ್ಷ! ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ವೇಗ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಗೊತ್ತೇ ಇಲ್ಲದ ಗಾಯ

ಉಕ್ಕಿನ ಎರಕದ ಕಾರ್ಖಾನೆ. ಕೆಲಸಗಾರರು ಎರಕ ಹೊಯ್ದ ಉಕ್ಕನ್ನು ಉಜ್ಜಿ ನಯ ಮಾಡುತ್ತಾರೆ. ಸಣ್ಣ ಕಲ್ಲಿನ ಧೂಳು ಏಳುತ್ತದೆ. ಗಾಳಿಯಾಡುವ ವ್ಯವಸ್ಥೆ ಸರಿಯಿಲ್ಲ. ಧೂಳು ದಿನದಿನಕ್ಕೂ ಶ್ವಾಸಕೋಶದಲ್ಲಿ ಕೂರುತ್ತದೆ. ಕೆಮ್ಮಿಲ್ಲ, ನೋವಿಲ್ಲ, ದಣಿವೂ ಇಲ್ಲ. ವರ್ಷಗಳ ನಂತರ ಎಕ್ಸ್‌ರೇ ತೆಗೆಸಿದಾಗ ಕಾಯಿಲೆ ಬೆಳೆದಿರುವುದು ಗೊತ್ತಾಗುತ್ತದೆ.

ಇಂಗ್ಲೆಂಡಿನ ಇಂಥ ಕೆಲವು ಕೆಲಸಗಾರರು 1956ರ ಅಕ್ಟೋಬರ್‌ನಲ್ಲಿ ಪರಿಹಾರಕ್ಕೆ ಕೇಸು ಹಾಕಿದರು. ಅವರಿಗಿದ್ದ ಮಿತಿ 6 ವರ್ಷ. ಕೇಸು ಮೇಲೇರುತ್ತಾ 1963ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತೀರ್ಮಾನವಾಯಿತು. ಕೆಲಸಗಾರರು ಸೋತರು. ಶ್ವಾಸಕೋಶಕ್ಕೆ ಹಾನಿಯಾದ ದಿನದಿಂದಲೇ ಕಾಲ ಓಡಲು ಶುರುವಾಗಿದೆ, ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ಕಾನೂನಿಗೆ ಬೇಕಿಲ್ಲ ಎಂದಿತು ಕೋರ್ಟು. ತಮಗೆ ಗಾಯವಾಗಿದೆ ಅಂತ ತಿಳಿಯುವ ಮೊದಲೇ ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಮುಗಿದುಹೋಗಿತ್ತು. ಇದು ಅನ್ಯಾಯ ಅಂತ ನ್ಯಾಯಾಧೀಶರಿಗೂ ಅನಿಸಿತ್ತು. ಆದರೆ ಕಾಯ್ದೆಯ ಮಾತು ಹಾಗಿತ್ತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾನೂನು ತಿದ್ದಿತು. ಈಗ ಅಲ್ಲಿ ಮೈಗೆ ಆದ ಗಾಯಕ್ಕೆ 3 ವರ್ಷ. ಆದರೆ ಎಣಿಕೆ ಗಾಯವಾದ ದಿನದಿಂದ ಅಥವಾ ಅದು ಗೊತ್ತಾದ ದಿನದಿಂದ, ಯಾವುದು ಆಮೇಲೆ ಬರುತ್ತದೋ ಅದರಿಂದ. ಸರಿಯಾದ ಕಾರಣ ಇದ್ದರೆ ಆ 3 ವರ್ಷವನ್ನೂ ದಾಟಲು ಕೋರ್ಟು ಬಿಡಬಹುದು.

ಗಮನಿಸಿ, 6 ವರ್ಷ ಇದ್ದಾಗ ಅವರು ಸೋತರು. 3 ವರ್ಷದ ಈಗಿನ ಕಾನೂನಿನಲ್ಲಿ ಅವರ ಕೇಸು ನಿಲ್ಲುತ್ತಿತ್ತು.

"ಗೊತ್ತಾದ ದಿನದಿಂದ" ಅನ್ನುವ ಈ ತತ್ವ ಈಗ ಬಹಳ ದೇಶಗಳಲ್ಲಿ ಇದೆ. ಆದರೆ ಅದನ್ನು ಪೂರ್ತಿ ಸಡಿಲ ಬಿಟ್ಟರೆ ಗಡುವೇ ಇರುವುದಿಲ್ಲವಲ್ಲ. ಅದಕ್ಕೆ ಮೇಲೊಂದು ಗೋಡೆ ಕಟ್ಟುತ್ತಾರೆ. ಜರ್ಮನಿಯಲ್ಲಿ ಗೊತ್ತಾಗಲಿ ಬಿಡಲಿ, ಹೆಚ್ಚಿನ ಬಾಕಿಗಳಿಗೆ 10 ವರ್ಷಕ್ಕೆ ಮುಗಿಯಿತು. ಜೀವಕ್ಕೆ, ದೇಹಕ್ಕೆ ಆದ ಹಾನಿಗೆ ಮಾತ್ರ 30 ವರ್ಷ. ಇಂಗ್ಲೆಂಡಿನಲ್ಲಿ ಯಾರದೋ ನಿರ್ಲಕ್ಷ್ಯದಿಂದ ಕಟ್ಟಡದ ಒಳಗೆ ಉಳಿದ, ಹೊರಗೆ ಕಾಣದ ದೋಷದಂಥವಕ್ಕೆ 15 ವರ್ಷದ ಗೋಡೆ ಇದೆ.

ಮೋಸ ಮಾಡಿ ವಿಷಯ ಮುಚ್ಚಿಟ್ಟಿದ್ದರೆ ಮೋಸ ಬಯಲಾದ ಮೇಲೆ ಎಣಿಕೆ. ಮಕ್ಕಳಿಗೆ ಆದ ಅನ್ಯಾಯವಾದರೆ ಅವರು ದೊಡ್ಡವರಾದ ಮೇಲೆ ಎಣಿಕೆ. ಇವೆರಡೂ ಹೆಚ್ಚುಕಡಿಮೆ ಎಲ್ಲ ಕಡೆ ಇರುವ ರಿಯಾಯಿತಿಗಳು. ಭಾರತದಲ್ಲಿ ಇನ್ನೊಂದು ಗೊಂದಲ ಜಾಸ್ತಿ ಕಾಣುತ್ತದೆ. "ತಡ ಆದರೇನು, ಕಾರಣ ಹೇಳಿ ಮನ್ನಾ ಮಾಡಿಸಿಕೊಳ್ಳಬಹುದು" ಅಂತ ಸುಮಾರು ಜನ ನಂಬಿದ್ದಾರೆ. ಆ ಸೌಲಭ್ಯ ಮೇಲ್ಮನವಿಗೆ, ಅರ್ಜಿಗೆ ಇದೆ. ಮೊದಲ ಸಲ ಹೂಡುವ ದಾವೆಗೆ ಇಲ್ಲ. ಆಸ್ಪತ್ರೆಯಲ್ಲಿದ್ದೆ, ಊರಲ್ಲಿರಲಿಲ್ಲ ಅಂದರೂ ನಡೆಯುವುದಿಲ್ಲ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಮಾತ್ರ, ಬಾಗಿಲು ತೆಗೆದ ದಿನ ಹಾಕಬಹುದು.

ಒಂದು ಸಹಿ, ಒಂದು ಕಂತು

ಸಾಲದ ಗಡಿಯಾರಕ್ಕೆ ಒಂದು ವಿಚಿತ್ರ ಗುಣ ಇದೆ. ಸಾಲ ಮಾಡಿದವನೇ ಅದನ್ನು ಮತ್ತೆ ಸೊನ್ನೆಗೆ ತಿರುಗಿಸಬಲ್ಲ, ತನಗೆ ಗೊತ್ತಿಲ್ಲದೆಯೇ.

ಮೊದಲಿನ ಹಾಳೆಗೇ ಬರೋಣ. 2024ರ ಆಗಸ್ಟ್‌ನಲ್ಲಿ ಸ್ನೇಹಿತರು ಒಂದು ಸಣ್ಣ ಕಂತು ಕೊಟ್ಟು, ಹಾಳೆಯ ಹಿಂಬದಿಯಲ್ಲಿ ಎಷ್ಟು ಕೊಟ್ಟೆ ಅಂತ ಬರೆದು, ತಾರೀಕು ಹಾಕಿ ಸಹಿ ಮಾಡಿದ್ದರು ಅಂದುಕೊಳ್ಳಿ. ಭಾರತದ ಕಾನೂನಿನಲ್ಲಿ ಅವತ್ತಿನಿಂದ ಹೊಸದಾಗಿ 3 ವರ್ಷ. ಕೊನೆಯ ದಿನ 2025ರ ಮಾರ್ಚ್‌ನಿಂದ 2027ರ ಆಗಸ್ಟ್‌ಗೆ ಹಾರಿತು. ಹಣವನ್ನೇ ಕೊಡದೆ, "ನಿಮಗೆ ಕೊಡುವುದಿದೆ, ಒಪ್ಪುತ್ತೇನೆ" ಅಂತ ಬರೆದು ಸಹಿ ಹಾಕಿದರೂ ಅಷ್ಟೇ. ಆದರೆ ಇದೆಲ್ಲ ಹಳೆಯ ಅವಧಿ ಮುಗಿಯುವುದರೊಳಗೆ ಆಗಬೇಕು. ಬಾಯಲ್ಲಿ ಒಪ್ಪಿಕೊಂಡರೆ ಲೆಕ್ಕಕ್ಕಿಲ್ಲ.

ಅವಧಿ ಮುಗಿದ ಮೇಲೆ ಒಪ್ಪಿಕೊಂಡರೆ ಏನಾಗುತ್ತದೆ? ಇಲ್ಲಿ ದೇಶಗಳು ಮತ್ತೆ ಬೇರೆ ದಾರಿ ಹಿಡಿಯುತ್ತವೆ. ಇಂಗ್ಲೆಂಡಿನಲ್ಲಿ ಒಮ್ಮೆ ಮುಗಿದ ಸಾಲದ ದಾವೆಗೆ ಮತ್ತೆ ಜೀವ ಬರುವುದಿಲ್ಲ, ಕಂತು ಕೊಟ್ಟರೂ ಇಲ್ಲ, ಬರೆದುಕೊಟ್ಟರೂ ಇಲ್ಲ. ಭಾರತದಲ್ಲಿ ಬರೀ ಒಪ್ಪಿಗೆ ಸಾಲದು. ಆದರೆ "ಆ ಹಳೇ ಸಾಲ ತೀರಿಸುತ್ತೇನೆ" ಅಂತ ಹೊಸದಾಗಿ ಮಾತು ಕೊಟ್ಟು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಅದು ಹೊಸ ಕರಾರೇ ಆಗುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸತ್ತ ಸಾಲಕ್ಕೆ ಒಂದು ಚಿಕ್ಕ ಕಂತು ಕಟ್ಟಿದರೂ ಅದು ಎದ್ದು ಕೂರುತ್ತದೆ. ಹಳೆಯ ಸಾಲವನ್ನು ಕಡಿಮೆ ಬೆಲೆಗೆ ಕೊಂಡು ವಸೂಲಿಗೆ ಇಳಿಯುವ ಕಂಪನಿಗಳು ಫೋನ್ ಮಾಡಿ, "ಸುಮ್ನೆ ಸ್ವಲ್ಪ ಕಟ್ಟಿ, ಸಾಕು" ಅನ್ನುವುದರ ಗುಟ್ಟು ಇದೇ. ಗಡುವು ಮೀರಿದ ಸಾಲಕ್ಕೆ ವಸೂಲಿಗಾರರು ಕೇಸು ಹಾಕಬಾರದು, ಹಾಕುತ್ತೇವೆ ಅಂತ ಹೆದರಿಸಲೂಬಾರದು ಎಂಬ ನಿಯಮ ಅಮೆರಿಕದಲ್ಲಿ 2021ರ ನವೆಂಬರ್ 30ರಿಂದ ಇದೆ. ಕೇಳುವುದಕ್ಕೆ ಮಾತ್ರ ಅಡ್ಡಿ ಇಲ್ಲ.

ಹಾಗಾದರೆ ಗಡುವು ಮುಗಿದಾಗ ಸತ್ತದ್ದು ಯಾವುದು? ಸಾಲವೋ, ಕೋರ್ಟಿಗೆ ಹೋಗುವ ದಾರಿಯೋ?

ಭಾರತ, ಇಂಗ್ಲೆಂಡ್, ಜರ್ಮನಿಗಳಲ್ಲಿ ಸಾಲ ಹಾಗೇ ಇರುತ್ತದೆ. ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ. ಹಾಗಾಗಿ ಗಡುವು ಮುಗಿದ ಮೇಲೆ ತಿಳಿಯದೆ ಹಣ ಕಟ್ಟಿಬಿಟ್ಟರೆ, "ಅಯ್ಯೋ, ಅದರ ಗಡುವು ಮೀರಿತ್ತು, ವಾಪಸ್ ಕೊಡಿ" ಅಂತ ಕೇಳುವಂತಿಲ್ಲ. ಇದ್ದ ಸಾಲವನ್ನೇ ತೀರಿಸಿದ್ದೀರಿ. ಸ್ಕಾಟ್ಲೆಂಡ್ ಇಂಗ್ಲೆಂಡಿನ ಪಕ್ಕದಲ್ಲೇ ಇದೆ, ಎರಡೂ ಬ್ರಿಟನ್ನಿನ ಭಾಗವೇ, ಆದರೂ ಅಲ್ಲಿ ಬೇರೆ. 5 ವರ್ಷ ಕಳೆದರೆ ಸಾಲವೇ ಇಲ್ಲವಾಗುತ್ತದೆ. ಅಮೆರಿಕದಲ್ಲಿ ವಿಸ್ಕಾನ್ಸಿನ್, ಮಿಸಿಸಿಪ್ಪಿಯಲ್ಲೂ ಹಾಗೇ. ಭಾರತದಲ್ಲಿ ಜಮೀನಿನ ವಿಷಯಕ್ಕೆ ಬಂದರೆ ಹಕ್ಕೇ ಹೋಗುತ್ತದೆ. 12 ವರ್ಷ ಇನ್ನೊಬ್ಬ ತನ್ನದೇ ಅಂತ ಎಲ್ಲರ ಎದುರೇ ಅನುಭವಿಸಿಕೊಂಡು ಬಂದ, ಮಾಲೀಕ ಸುಮ್ಮನಿದ್ದ ಅಂದರೆ ಮಾಲೀಕನ ಹಕ್ಕು ಅಳಿಸಿಹೋಗುತ್ತದೆ.

ಇನ್ನೊಂದು ವ್ಯತ್ಯಾಸ ಚಿಕ್ಕದಾಗಿ ಕಂಡರೂ ತುಂಬಾ ದುಬಾರಿ. ಭಾರತದಲ್ಲಿ ಗಡುವು ಮೀರಿದ ದಾವೆಯನ್ನು, ಪ್ರತಿವಾದಿ ಬಾಯಿ ಬಿಡದಿದ್ದರೂ ಕೋರ್ಟೇ ವಜಾ ಮಾಡಬೇಕು. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲಿ ಹಾಗಿಲ್ಲ. "ಗಡುವು ಮುಗಿದಿದೆ" ಅಂತ ಪ್ರತಿವಾದಿಯೇ ಹೇಳಬೇಕು. ಹೇಳದಿದ್ದರೆ ಆ ರಕ್ಷಣೆ ಕಳೆದುಕೊಂಡ. ಹಳೇ ಸಾಲ ಅಂತ ಸಮನ್ಸನ್ನು ಡ್ರಾಯರಿನೊಳಗೆ ಹಾಕಿ ಮರೆತವನ ಮೇಲೆ ಏಕಪಕ್ಷೀಯ ತೀರ್ಪು ಬರುತ್ತದೆ. ಸತ್ತ ಸಾಲ ಹೊಸ ಡಿಕ್ರಿಯಾಗಿ, ಅಂದರೆ ಕೋರ್ಟಿನ ತೀರ್ಪಿನ ಆದೇಶವಾಗಿ, ಮನೆಗೆ ಬರುತ್ತದೆ.

ಅಪರಾಧಕ್ಕೂ ಗಡುವೇ?

ಇದನ್ನು ಕೇಳಿದರೆ ಬಹಳ ಜನಕ್ಕೆ ಸಿಟ್ಟು ಬರುತ್ತದೆ. ಕಳ್ಳ ಬಚ್ಚಿಟ್ಟುಕೊಂಡು ದಿನ ತಳ್ಳಿದರೆ ಬಿಡುಗಡೆಯಾ? ಸಣ್ಣ ಅಪರಾಧಕ್ಕೆ ಹೆಚ್ಚಿನ ದೇಶಗಳು ಹೌದು ಅನ್ನುತ್ತವೆ. ದೊಡ್ಡದಕ್ಕೆ ಉತ್ತರ ಚದುರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಕೆಳಗಿನ ಕೋರ್ಟಿನಲ್ಲೇ ಮುಗಿಯುವ ಸಣ್ಣ ಅಪರಾಧಗಳಿಗೆ 6 ತಿಂಗಳು. ಗಂಭೀರವಾದವಕ್ಕೆ ಸಾಮಾನ್ಯವಾಗಿ ಗಡುವೇ ಇಲ್ಲ. ಫ್ರಾನ್ಸಿನಲ್ಲಿ ಮೂರು ಮೆಟ್ಟಿಲು: ಸಣ್ಣದಕ್ಕೆ 1, ನಡುವಿನದಕ್ಕೆ 6, ಘೋರವಾದದ್ದಕ್ಕೆ 20 ವರ್ಷ. 2017ರ ವರೆಗೆ ಇದು 1, 3, 10 ಇತ್ತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಾಮಾನ್ಯ ಮಿತಿ 5 ವರ್ಷ, ಮರಣದಂಡನೆ ಆಗಬಹುದಾದ ಅಪರಾಧಕ್ಕೆ ಮಿತಿ ಇಲ್ಲ.

ಭಾರತದಲ್ಲಿ ಗಡುವು ಶಿಕ್ಷೆಯ ಅಳತೆಗೆ ತಕ್ಕಂತೆ. ಬರೀ ದಂಡ ಆಗುವ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗೆ ಜೈಲಾಗುವುದಕ್ಕೆ 1 ವರ್ಷ, ಅದರಿಂದ ಮೇಲೆ 3 ವರ್ಷದ ಜೈಲಿನವರೆಗೆ 3 ವರ್ಷ. ಅದಕ್ಕಿಂತ ದೊಡ್ಡದಕ್ಕೆ ಮಿತಿಯೇ ಇಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ಲೆಕ್ಕ. ಇಲ್ಲೂ ಶುರುವಿನ ದಿನವನ್ನು ನೋಡಿ. ಕಳ್ಳ ಯಾರು ಅಂತ ಗೊತ್ತಿಲ್ಲದಿದ್ದರೆ ಎಣಿಕೆ ಕಳವಾದ ದಿನದಿಂದ ಶುರುವಾಗುವುದಿಲ್ಲ. ಅವನ ಗುರುತು ಸಿಕ್ಕ ದಿನದಿಂದ ಶುರು. ಬಚ್ಚಿಟ್ಟುಕೊಂಡು ದಿನ ತಳ್ಳುವವನ ಲೆಕ್ಕಾಚಾರ ಅಲ್ಲಿಗೆ ಕೆಡುತ್ತದೆ.

ಗಡುವು ಸಮೀಪಿಸಿದಾಗ ಜನ ಏನೆಲ್ಲ ದಾರಿ ಹುಡುಕುತ್ತಾರೆ ಅನ್ನುವುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದ 1999ರ ಕೇಸು ಒಳ್ಳೆ ಉದಾಹರಣೆ. ಅತ್ಯಾಚಾರಿ ಯಾರೆಂದು ಗೊತ್ತಿಲ್ಲ, ಅವನ ಡಿಎನ್‌ಎ ಮಾತ್ರ ಇದೆ. ಇನ್ನು ಕೆಲವೇ ದಿನದಲ್ಲಿ ಕಾಲಮಿತಿ ಮುಗಿಯುತ್ತದೆ. ಸರ್ಕಾರಿ ವಕೀಲರು ಹೆಸರಿನ ಜಾಗದಲ್ಲಿ ಡಿಎನ್‌ಎ ವಿವರವನ್ನೇ ಬರೆದು ವಾರಂಟ್ ತೆಗೆದರು. ಗಡಿಯಾರ ನಿಂತಿತು. ಈ ದಾರಿಯನ್ನು ಮುಂದೆ ವಿಸ್ಕಾನ್ಸಿನ್ ಕೋರ್ಟೂ ಒಪ್ಪಿಕೊಂಡಿತು.

ಜಪಾನಿನ ಕತೆ ಇನ್ನೂ ಉಸಿರು ಬಿಗಿಹಿಡಿಯುವಂಥದ್ದು. ಅಲ್ಲಿ ಹಿಂದೆ ಕೊಲೆಗೆ 15 ವರ್ಷದ ಗಡುವಿತ್ತು, ಆಮೇಲೆ ಮುಂದೆ ನಡೆಯುವ ಕೊಲೆಗಳಿಗೆ 25 ಮಾಡಿದರು. 2010ರ ಏಪ್ರಿಲ್ 27ರಂದು ಸಂಸತ್ತು ಕೊಲೆಯಂಥ ಅಪರಾಧಗಳಿಗೆ ಗಡುವನ್ನೇ ತೆಗೆದುಹಾಕಿತು, ಅವತ್ತೇ ಜಾರಿಗೂ ತಂದಿತು. 1995ರಲ್ಲಿ ನಡೆದ ಒಂದು ದಂಪತಿಯ ಕೊಲೆ ಕೇಸಿನ 15 ವರ್ಷ ಅದೇ ಮಧ್ಯರಾತ್ರಿಗೆ ಮುಗಿಯುವುದಿತ್ತು. ಆಗಲೇ ಮುಗಿದುಹೋದ ಕೇಸುಗಳಿಗೆ ಮಾತ್ರ ಜೀವ ಬರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 2003ರಲ್ಲಿ ಇದೇ ಗೆರೆ ಎಳೆದಿದೆ: ಗಡುವು ಮುಗಿಯುವ ಮೊದಲು ಅದನ್ನು ಉದ್ದ ಮಾಡಬಹುದು, ಮುಗಿದ ಮೇಲೆ ಅಪರಾಧದ ಕೇಸನ್ನು ಎಬ್ಬಿಸುವಂತಿಲ್ಲ. ಪರಿಹಾರದ ಸಿವಿಲ್ ದಾವೆಗೆ ಈ ಅಡ್ಡಿ ಇಲ್ಲ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗಾಗಿ ನ್ಯೂಯಾರ್ಕ್ ರಾಜ್ಯ 2019ರ ಆಗಸ್ಟ್‌ನಿಂದ 2021ರ ಆಗಸ್ಟ್‌ವರೆಗೆ ಬಾಗಿಲು ತೆರೆದಿಟ್ಟಿತು. ಎಷ್ಟೇ ಹಳೆಯದಾಗಿದ್ದರೂ ಆಗ ದಾವೆ ಹೂಡಬಹುದಿತ್ತು.

ಆದರೆ ಶುರುವಿನ ದಿನ ಎಷ್ಟು ತೂಕದ್ದು ಅಂತ ತೋರಿಸಿದ್ದು ಜರ್ಮನಿ. ಅಲ್ಲಿ ಕೊಲೆಗೆ 20 ವರ್ಷದ ಮಿತಿ ಇತ್ತು. ಯುದ್ಧ ಮುಗಿದದ್ದು 1945ರ ಮೇ 8. ಅಂದರೆ 1965ರ ಮೇ ತಿಂಗಳಿಗೆ ನಾಜಿ ಕೊಲೆಗಾರರು ನಿರಾಳವಾಗುತ್ತಿದ್ದರು. ಮಾರ್ಚ್‌ನಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತಿನಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ಅವರು 20 ಅನ್ನುವ ಸಂಖ್ಯೆಯನ್ನು ಮುಟ್ಟಲೇ ಇಲ್ಲ. 1949ರ ಕೊನೆಯವರೆಗೆ ನಮ್ಮ ಕೋರ್ಟುಗಳು ಸ್ವತಂತ್ರವಾಗಿ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ, ಆ ಕಾಲವನ್ನು ಎಣಿಸಬಾರದು ಎಂದರು. ಗಡುವು 1969ರ ಕೊನೆಗೆ ಹೋಯಿತು. 1969ರಲ್ಲಿ 30 ವರ್ಷ ಮಾಡಿದರು. ಮತ್ತೆ ಹತ್ತು ವರ್ಷ ಕಳೆದು 1979ರ ಜುಲೈ 3ರಂದು, 222ಕ್ಕೆ 255 ಮತಗಳಿಂದ, ಕೊಲೆಗೆ ಗಡುವೇ ಬೇಡ ಅಂತ ತೀರ್ಮಾನವಾಯಿತು. 2022ರ ಡಿಸೆಂಬರ್‌ನಲ್ಲಿ ಶ್ಟುಟ್‌ಹೋಫ್ ಎಂಬ ನಾಜಿ ಶಿಬಿರದ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ 97 ವರ್ಷದ ಮಹಿಳೆ ತಪ್ಪಿತಸ್ಥೆ ಎಂದು ಕೋರ್ಟು ಹೇಳಿತು. ಕೊಲೆಗಳು ನಡೆದಾಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ.

ಗೆದ್ದ ಮೇಲೆ

ಇನ್ನೊಂದು ಗಡಿಯಾರ ಉಳಿಯಿತು. ಕೇಸು ಗೆದ್ದರೆ ಹಣ ಕೈಗೆ ಬಂದಂತಲ್ಲ, ತೀರ್ಪನ್ನು ಜಾರಿ ಮಾಡಿಸಬೇಕು. ಅದಕ್ಕೂ ಗಡುವಿದೆ. ಭಾರತದಲ್ಲಿ ಡಿಕ್ರಿ ಅಮಲ್ಜಾರಿಗೆ 12 ವರ್ಷ. ಮೊದಲು ಹೇಳಿದ ಆ ಹಾಳೆಯನ್ನು ಹಿಡಿದು, 2029ರ ಡಿಸೆಂಬರ್ 31ರೊಳಗೆ ಜರ್ಮನಿಯಲ್ಲಿ ಕೇಸು ಹಾಕಿ, 2030ರಲ್ಲಿ ಅಂತಿಮ ತೀರ್ಪು ಪಡೆದರು ಅನ್ನಿ. ಅಲ್ಲಿ ತೀರ್ಪಿನ ಹಣ ವಸೂಲಿಗೆ 30 ವರ್ಷ. "ಅವಸರ ಏನಿಲ್ಲ" ಅಂತ ಕೊಟ್ಟ ಸಾಲವನ್ನು 2060ರವರೆಗೂ ಬಾಗಿಲು ತಟ್ಟಿ ಕೇಳಬಹುದು.